ಸಹಾಯ ಬೇಕು: ಮುಂಬೈ ಕಡೆಯ ಕನ್ನಡಿಗ ಕಾಲೇಜು ಅಧ್ಯಾಪಕರ ಜೊತೆ ಮಾತಾಡಬೇಕಿದೆ

ಎಲ್ಲರಿಗೂ ನಮಸ್ಕಾರ. ನಾನು ಡೊಂಬಿವಲಿಯವಳು, ಎಂ.ಎಡ್. ಓದುತ್ತಿದ್ದೇನೆ. ಪಾಠದಲ್ಲಿ ತಂತ್ರಜ್ಞಾನ ಬಳಸುವ ಬಗ್ಗೆ ಕಾಲೇಜು ಅಧ್ಯಾಪಕರಿಗೆ ಏನನ್ನಿಸುತ್ತದೆ ಎನ್ನುವುದು ನನ್ನ ಪ್ರಬಂಧದ ವಿಷಯ.

ಇಂಥ ಅಧ್ಯಯನಗಳಲ್ಲಿ ಸಂಶೋಧಕ ಫ್ರೆಡ್ ಡೇವಿಸ್ 1989ರಲ್ಲಿ ಕೊಟ್ಟ ಮಾದರಿಯನ್ನು ಜಾಸ್ತಿ ಬಳಸುತ್ತಾರೆ. ಸಾಧನ ಉಪಯೋಗಕ್ಕೆ ಬರುತ್ತದೆ, ಬಳಸೋದು ಸುಲಭ ಅನ್ನಿಸಿದರೆ ಜನ ಒಪ್ಪುತ್ತಾರೆ ಅನ್ನೋದು ಅದರ ತಿರುಳು. ಅಧ್ಯಾಪಕರ ವಿಷಯದಲ್ಲಿ ಇಷ್ಟೇ ಸಾಲದು ಅಂತ ನನಗನ್ನಿಸುತ್ತದೆ. ಪರಿಚಯದ ಅರ್ಥಶಾಸ್ತ್ರದ ಮೇಡಂ ಒಬ್ಬರು ನೋಟ್ಸನ್ನು ಫೋನಿನಲ್ಲೇ ಸ್ಕ್ಯಾನ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಆದರೆ ಬೇಡಿಕೆಯ ರೇಖೆ ಬಂತು ಅಂದರೆ ಸೀಮೆಸುಣ್ಣವೇ ಬೇಕು. ಗೆರೆ ಎಳೆಯುತ್ತಲೇ ಹುಡುಗರ ಮುಖ ನೋಡುತ್ತಾರೆ, ಅರ್ಥವಾಗಿಲ್ಲ ಅನ್ನಿಸಿದರೆ ಅಲ್ಲೇ ನಿಲ್ಲಿಸುತ್ತಾರೆ. ಇವರಿಗೆ ತಂತ್ರಜ್ಞಾನ ವಿರೋಧಿ ಅಂತ ಸುಮ್ನೆ ಹಣೆಪಟ್ಟಿ ಹಚ್ಚುವುದು ಅನ್ಯಾಯ ಅಲ್ವಾ?

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2021ರ ನಿಯಮದಂತೆ ಒಂದು ಸೆಮಿಸ್ಟರಿನ ಶೇ. 40ರವರೆಗಿನ ಕೋರ್ಸುಗಳನ್ನು ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ತಾಣ ‘ಸ್ವಯಂ’ ಮೂಲಕ ಮಾಡಬಹುದು. ಇದರಿಂದ ತಮ್ಮ ತರಗತಿಗಳು ಕಡಿಮೆಯಾಗುವ ಭಯ ಅಧ್ಯಾಪಕರಿಗೆ ಇದೆಯಾ ಅಂತಲೂ ಕೇಳಬೇಕು.

ಮುಂಬೈ, ಠಾಣೆ, ನವಿ ಮುಂಬೈ ಕಾಲೇಜುಗಳಲ್ಲಿ ಪಾಠ ಮಾಡುವವರು ಅರ್ಧ ಗಂಟೆ ಮಾತಿಗೆ ಸಿಗುತ್ತೀರಾ? ನಿವೃತ್ತಿಗೆ ಹತ್ತಿರ ಇರುವವರು, ಗಂಟೆ ಲೆಕ್ಕದಲ್ಲಿ ದುಡಿಯುವವರು ಖಂಡಿತ ಬೇಕು. ನಾನು ಕಳಿಸಿದ ಗೂಗಲ್ ಫಾರ್ಮ್‌ಗೆ ಇವರ ಉತ್ತರವೇ ಬಂದಿಲ್ಲ. ಹೆಸರು, ಕಾಲೇಜು ಎಲ್ಲೂ ಬರುವುದಿಲ್ಲ. ಭಾನುವಾರ ಮಾಟುಂಗಾದಲ್ಲಾದರೂ ಸರಿ, ಫೋನಿನಲ್ಲಾದರೂ ಸರಿ. ಗೊತ್ತಿರುವವರಿದ್ದರೆ ದಯವಿಟ್ಟು ಟ್ಯಾಗ್ ಮಾಡಿ.