ಮಡ್ಡಿ ಹೊಲದಲ್ಲಿ ಅರ್ಧಚಂದ್ರ ಗುಂಡಿ ತೋಡಿದರೆ ನೀರು ಇಂಗುತ್ತದಾ? ನಮ್ಮ ಕಡೆ ಯಾರಾದರೂ ಮಾಡಿದ್ದೀರಾ?

ಆಳಂದದ ಮಡ್ಡಿ:

ಎಲ್ಲರಿಗೂ ನಮಸ್ಕಾರ. ಆಳಂದ ತಾಲ್ಲೂಕಿನಲ್ಲಿ ನಮ್ಮದು 5 ಎಕರೆ ಇದೆ. ಕೆಳಗಿನ 3 ಎಕರೆ ಎರಿ, ಅಂದರೆ ಕಪ್ಪು ಮಣ್ಣು, ತೊಗರಿ ಹಾಕುತ್ತೇವೆ. ಮೇಲಿನ 2 ಎಕರೆ ಬರೀ ಮಡ್ಡಿ. ಒಂದು ಗೇಣು ಅಗೆದರೆ ಗರಸು, ಅಂದರೆ ಗಟ್ಟಿ ಕಲ್ಲುಮಣ್ಣು, ಸಿಗುತ್ತದೆ. ಅಪ್ಪ ಅಲ್ಲಿ ಬಿತ್ತುವುದು ಬಿಟ್ಟು 12 ವರ್ಷ ಆಯಿತು. ಈಗ ಊರಿನ ಆಡುಗಳದ್ದೇ ರಾಜ್ಯ.

ಮಳೆ ಬಿದ್ದು ಒಣಗಿದರೆ ಮೇಲ್ಮಣ್ಣು ಹಪ್ಪಳದ ಹಾಗೆ ಗಟ್ಟಿಯಾಗುತ್ತದೆ. ಮುಂದಿನ ಮಳೆಯ ನೀರು ಒಳಗೆ ಇಳಿಯುವುದೇ ಇಲ್ಲ. ಅರ್ಧ ಗಂಟೆ ಮಳೆಗೆ ಹಳ್ಳದಲ್ಲಿ ಚಹಾ ಬಣ್ಣದ ನೀರು ಹರಿಯುತ್ತದೆ. ಅದು ನಮ್ಮ ಹೊಲದ ಮಣ್ಣೇ ಅಲ್ವಾ?

ನಾನು ಪುಣೆಯ ಕೆಲಸ ಬಿಟ್ಟು ಬಂದಿದ್ದೇನೆ. ಆಫ್ರಿಕಾದ ನೈಜರ್ ದೇಶದಲ್ಲಿ ಅರ್ಧಚಂದ್ರದ ಗುಂಡಿ ತೋಡಿ ಬರಡು ನೆಲ ಹಸಿರು ಮಾಡಿದ ವಿಡಿಯೋ ನೋಡಿದೆ. ಅದನ್ನೇ ಮಾಡಬೇಕು ಅಂತಿದ್ದೇನೆ. ಎಷ್ಟು ದೊಡ್ಡದು ತೋಡಬೇಕು? ಜೆಸಿಬಿ ತರಿಸಲಾ, ಕೈಯಿಂದ ತೋಡಲಾ? ಅಪ್ಪ ಮಾತ್ರ "ಇದ್ದ ಹೊಲಕ್ಕೂ ತಗ್ಗು ಬೀಳಿಸಬೇಡ" ಅಂತ ಕೂತಿದ್ದಾರೆ.

ಹೂಳು ಗಾಡಿ:

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಅಣ್ಣಾ. ಬೇಸಿಗೆಯಲ್ಲಿ ಕೆರೆ ಹೂಳು ತಂದು ಹೊಡೆಸಿ. ಎರಡು ಎಕರೆ ಏನು ಮಹಾ?

ಕಮಲಾಪುರ ಅಕ್ಕ:

ಹೂಳು ಒಳ್ಳೆಯದೇ. ಆದರೆ ಒಡ್ಡು ಇಲ್ಲದ ಇಳಿಜಾರಿಗೆ ಹೊಡೆಸಿದರೆ ಮೊದಲ ದೊಡ್ಡ ಮಳೆಗೆ ಹಳ್ಳ ಸೇರುತ್ತದೆ, ಟ್ರ್ಯಾಕ್ಟರ್ ಬಾಡಿಗೆಯ ಸಮೇತ. ಮೊದಲು ನೀರು ನಿಲ್ಲಬೇಕು.

ತಮ್ಮಾ, ನಾನು ಕಮಲಾಪುರ ತಾಲ್ಲೂಕಿನವಳು. ಆರು ವರ್ಷ ಉದ್ಯೋಗ ಖಾತ್ರಿಯಲ್ಲಿ ಕಾಯಕ ಬಂಧು, ಅಂದರೆ ಕೂಲಿಕಾರರ ಮೇಟಿ, ಆಗಿದ್ದೆ. ಟೇಪು ಹಿಡಿದು ಎಷ್ಟು ಬದು, ಎಷ್ಟು ಕಂದಕ ಅಳೆದಿದ್ದೇನೋ ಲೆಕ್ಕವಿಲ್ಲ. ಹೀಗಿದ್ದೂ ನನ್ನ ಸ್ವಂತ ಹೊಲದಲ್ಲಿ ಮೊದಲ ಒಡ್ಡು ಕೆಡಿಸಿಕೊಂಡೆ. ಅದನ್ನೇ ಮೊದಲು ಹೇಳುತ್ತೇನೆ.

ಕಣ್ಣಳತೆಯಲ್ಲೇ ಎಳೆಸಿದೆ. ನೋಡಲಿಕ್ಕೆ ನೇರವಾಗಿ ಚಂದ ಇತ್ತು. ಆಶ್ಲೇಷ ಮಳೆ ಒಂದು ರಾತ್ರಿ ಜೋರಾಗಿ ಹೊಡೆಯಿತು. ನೀರು ಒಡ್ಡಿನ ಗುಂಟ ಓಡಿ ತಗ್ಗಿದ್ದ ಕಡೆ ಸೇರಿತು. ಹೆಚ್ಚಾದ ನೀರು ಹೊರಗೆ ಹೋಗಲು ನಾನು ಕೋಡಿ ಬಿಟ್ಟಿರಲಿಲ್ಲ. ಬೆಳಗ್ಗೆ ಹೋಗಿ ನೋಡಿದರೆ ಎತ್ತಿನ ಗಾಡಿ ದಾಟುವಷ್ಟು ಅಗಲ ಒಡೆದಿತ್ತು. ಕೆಳಗಿನ ಹೊಲದ ಕಾಕಾನ ಹೆಸರು ಬೆಳೆ ಕೊಚ್ಚಿಕೊಂಡು ಹೋಗಿತ್ತು. ಎರಡು ವರ್ಷ ಅವರು ನಮ್ಮ ಮನೆಯ ಚಹಾ ಮುಟ್ಟಲಿಲ್ಲ.

ಆಮೇಲೆ ಬುದ್ಧಿ ಬಂತು. ಊರಿನ ಗೌಂಡಿಯವರ ಹತ್ತಿರ ಲೆವೆಲ್ ಪೈಪು ಇರುತ್ತದೆ, ಒಳಗಿನ ನೀರು ಕಾಣುವಂಥದ್ದು. ಅದನ್ನು ಒಂದು ದಿನ ಕೇಳಿ ತಗೋ. ಒಂದೇ ಎತ್ತರದ ಎರಡು ಕೋಲಿಗೆ ಪೈಪಿನ ಎರಡು ತುದಿ ಕಟ್ಟು. ಒಬ್ಬರು ನಿಂತಲ್ಲೇ ನಿಲ್ಲಬೇಕು, ಇನ್ನೊಬ್ಬರು ಹಿಂದೆ ಮುಂದೆ ಸರಿಯಬೇಕು. ಎರಡೂ ಕೋಲಿನಲ್ಲಿ ನೀರು ಒಂದೇ ಗುರುತಿಗೆ ನಿಂತರೆ ಆ ಎರಡು ಜಾಗ ಸಮ. ಅಲ್ಲಿ ಸುಣ್ಣ ಹಾಕು. ಗೆರೆ ಹಾವಿನ ಹಾಗೆ ಡೊಂಕಾಗಿ ಬರುತ್ತದೆ. ಬರಲಿ, ನೇರ ಮಾಡಲಿಕ್ಕೆ ಹೋಗಬೇಡ.

ಈಗ ನಿನ್ನ ಗುಂಡಿ. ನೈಜರ್‌ನಲ್ಲಿ ಸಾಮಾನ್ಯವಾಗಿ ತುದಿಯಿಂದ ತುದಿಗೆ 4 ಮೀಟರ್ ಇಡುತ್ತಾರೆ. ನಾನೂ ಅಷ್ಟೇ ಇಟ್ಟೆ, ಅಂದರೆ 13 ಅಡಿ. ಬಿಲ್ಲಿನ ಎರಡು ತುದಿ ಸುಣ್ಣದ ಗೆರೆಯ ಮೇಲೆ, ಹೊಟ್ಟೆ ಇಳಿಜಾರಿನ ಕಡೆ. ಒಳಗಿನ ಮಣ್ಣನ್ನು ಒಂದು ಗೇಣಿನಷ್ಟು ತೆಗೆದು ಹೊಟ್ಟೆಯ ಕಡೆ ಒಡ್ಡು ಮಾಡಿ ತುಳಿಯಬೇಕು. ನಿನ್ನಲ್ಲಿ ಗೇಣಿಗೇ ಗರಸು ಸಿಗುವುದರಿಂದ ಅಲ್ಲಿಗೇ ನಿಲ್ಲಿಸು. ಕೆಳಗಿನ ಸಾಲಿನ ಗುಂಡಿ ಮೇಲಿನ ಎರಡು ಗುಂಡಿಗಳ ನಡುವೆ ಬರಬೇಕು. ಆಗ ಮೇಲೆ ತಪ್ಪಿಸಿಕೊಂಡ ನೀರು ಕೆಳಗೆ ಸಿಗುತ್ತದೆ.

ಒಂದು ವ್ಯತ್ಯಾಸ ನೆನಪಿಡು. ಆ ಕಡೆ ಮಳೆ ನಮಗಿಂತ ಕಡಿಮೆ, ಕೆಲವು ಕಡೆ ನಮ್ಮ ಅರ್ಧವೂ ಬೀಳುವುದಿಲ್ಲ. ನಮ್ಮಲ್ಲಿ ತಿಂಗಳು ಗಟ್ಟಲೆ ಕಾಯಿಸಿ ಒಂದೇ ದಿನ ಸುರಿಯುತ್ತದೆ. 1 ಎಕರೆಯ ಮೇಲೆ 10 ಮಿಲಿಮೀಟರ್ ಬಿದ್ದರೆ 40 ಸಾವಿರ ಲೀಟರ್, ಅಂದರೆ 5 ಸಾವಿರ ಲೀಟರಿನ 8 ಟ್ಯಾಂಕರ್. ಜೋರು ಮಳೆಗೆ ಇದರ ಐದು ಪಟ್ಟು ಬಂದರೂ ಬರಬಹುದು. ಅದಕ್ಕೇ ಗುಂಡಿಯ ಒಡ್ಡನ್ನು ಎರಡು ತುದಿಗಳಲ್ಲಿ ಹೊಟ್ಟೆಗಿಂತ ತಗ್ಗಿಸಿ, ಅಲ್ಲಿ ಕಲ್ಲು ಇಡು. ತುಂಬಿದ ನೀರು ಅಲ್ಲಿಂದ ಮೆಲ್ಲಗೆ ದಾಟಲಿ. ಮಡ್ಡಿಯಲ್ಲಿ ಕಲ್ಲಿಗೇನು ಬರ?

ಜೆಸಿಬಿ ನನಗೆ ಸರಿ ಬರಲಿಲ್ಲ. ಡ್ರೈವರ್ ಅಂದಾಜಿನಲ್ಲಿ ಬಾಚಿದರೆ ಗೆರೆ ತಪ್ಪುತ್ತದೆ. ಗಾಲಿ ಓಡಾಡಿದ ಕಡೆ ಮಣ್ಣು ಇನ್ನಷ್ಟು ಬಿಗಿಯುತ್ತದೆ. ಹಾಗಂತ ಕೈ ಕೆಲಸ ಹಗುರ ಅಂತ ಅಂದುಕೊಳ್ಳಬೇಡ. ಗರಸಿನಲ್ಲಿ ಒಬ್ಬ ಆಳಿಗೆ ದಿನಕ್ಕೆ ಒಂದು ಗುಂಡಿ, ಹೆಚ್ಚೆಂದರೆ ಒಂದೂವರೆ. 2 ಎಕರೆಗೆ ಇನ್ನೂರರ ಮೇಲೆ ಬೇಕು. ಈ ವರ್ಷ ಅರ್ಧ ಎಕರೆ ಮಾಡು, ಅದೂ ಎಲ್ಲಕ್ಕಿಂತ ಮೇಲಿನದು. ಮೇಲೆ ನೀರಿನ ಓಟ ತಡೆಯದೆ ಕೆಳಗೆ ಏನು ಕಟ್ಟಿದರೂ ನನ್ನ ಒಡ್ಡಿನ ಗತಿಯೇ.

ಗುಂಡಿ ತೋಡಿ ಬಿಟ್ಟರೆ ಮತ್ತೆ ಹಪ್ಪಳ ಕಟ್ಟುತ್ತದೆ. ಪ್ರತಿ ಗುಂಡಿಗೆ ಎರಡು ಮೂರು ಬುಟ್ಟಿ ತಿಪ್ಪೆ ಗೊಬ್ಬರ ಹಾಕು, ಮೇಲೆ ತೊಗರಿ ಹೊಟ್ಟು ಹರಡು. ಗೆದ್ದಲು ಬಂದರೆ ಔಷಧಿ ಡಬ್ಬಿ ಹುಡುಕಬೇಡ. ಬುರ್ಕಿನಾ ಫಾಸೊದಲ್ಲಿ ಯಾಕೂಬಾ ಸವಡೋಗೊ ಅಂತ ಒಬ್ಬ ರೈತ ಇದ್ದರು, 2023ರಲ್ಲಿ ತೀರಿಕೊಂಡರು. ಅವರು ಜಾಯಿ ಅನ್ನುವ ಸಣ್ಣ ಗುಂಡಿಗಳಲ್ಲಿ ಬೇಸಿಗೆಯಲ್ಲೇ ಗೊಬ್ಬರ ತುಂಬುತ್ತಿದ್ದರು. ಗೊಬ್ಬರ ತಿನ್ನಲು ಬಂದ ಗೆದ್ದಲು ಗಟ್ಟಿ ನೆಲಕ್ಕೆ ತೂತು ಹಾಕುತ್ತದೆ, ಆ ತೂತಿನಲ್ಲಿ ನೀರು ಇಳಿಯುತ್ತದೆ. ಕೂಲಿ ಕೇಳದ ಆಳುಗಳು.

ಸೇಡಂ ಎರಿ:

ಅಕ್ಕನ ಮಾತು ಮಡ್ಡಿಗೆ ಸರಿ. ಆದರೆ ಈ ಹುಡುಗ ಹುರುಪಿನಲ್ಲಿ ಕೆಳಗಿನ ಎರಿಯಲ್ಲೂ ತೋಡಿಬಿಟ್ಟಾನು ಅಂತ ಹೆದರಿಕೆ. ಎರಿ ಮಣ್ಣು ನೀರನ್ನು ಒಮ್ಮೆ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ. ಬುಡದಲ್ಲಿ ನೀರು ನಿಂತರೆ ತೊಗರಿ ಬೇರು ಕೊಳೆತು ಗಿಡ ನಿಂತಲ್ಲೇ ಒಣಗುತ್ತದೆ. ನಾನು ಒಂದು ವರ್ಷ ಹಾಗೆ ಮುಕ್ಕಾಲು ಎಕರೆ ಕಳೆದುಕೊಂಡೆ.

ತೊಗರಿ ಇರುವ ಎರಿಗೆ ಏರುಮಡಿ, ಅಂದರೆ ಎತ್ತರಿಸಿದ ಮಡಿ, ನಡುವೆ ಕಾಲುವೆ. ಜಾಸ್ತಿ ನೀರು ಮೆಲ್ಲಗೆ ಹೊರಗೆ ಹೋಗಬೇಕು. ಬೀದರ್‌ನಿಂದ ಹೈದರಾಬಾದಿಗೆ ಹೋಗುವ ದಾರಿಯಲ್ಲಿ ಪಟಾನ್‌ಚೆರು ಸಿಗುತ್ತದಲ್ಲ, ಅಲ್ಲಿಯ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯವರು ಎರಿಗೆ ಇದನ್ನೇ ಹೇಳುತ್ತಾ ಬಂದಿದ್ದಾರೆ. ಮುಂಗಾರಿಗೆ ಖಾಲಿ ಬಿಟ್ಟು ಹಿಂಗಾರಿ ಜೋಳ ಬಿತ್ತುವ ಎರಿಯಾದರೆ ಮಾತು ಬೇರೆ. ಅಲ್ಲಿ ಹದಿನೈದು ಅಡಿಗೊಂದು ಚೌಕ ಮಡಿ ಕಟ್ಟಿ ಬಿದ್ದ ನೀರನ್ನು ಬಿದ್ದಲ್ಲೇ ಕುಡಿಸಬಹುದು. ಬೆಳೆ ನೋಡಿ ಕೆಲಸ ಮಾಡಪ್ಪಾ, ವಿಡಿಯೋ ನೋಡಿ ಅಲ್ಲ.

ಆಳಂದದ ಮಡ್ಡಿ:

ಕಾಕಾ, ಒಳ್ಳೆಯ ಹೊತ್ತಿಗೆ ಹೇಳಿದಿರಿ. ನಿಜ ಹೇಳಬೇಕೆಂದರೆ ಎರಿಯಲ್ಲೂ ನಾಲ್ಕು ಗುಂಡಿ ತೋಡುವ ಯೋಚನೆ ಇತ್ತು! ಅದನ್ನು ಬಿಟ್ಟೆ.

ಅಕ್ಕಾ, ಎರಡೇ ಪ್ರಶ್ನೆ. ಯಾವಾಗ ಶುರು ಮಾಡಲಿ? ಆಡಿನ ಕಾಟಕ್ಕೆ ಏನು ಮಾಡಲಿ? ತಂತಿ ಬೇಲಿಗೆ ದುಡ್ಡಿಲ್ಲ.

ಕಮಲಾಪುರ ಅಕ್ಕ:

ಈಗಲೇ ಗೆರೆ ಹಾಕಿ ಇಡು. ರೋಹಿಣಿಯಲ್ಲಿ ಒಂದು ಸಣ್ಣ ಮಳೆ ಬಿದ್ದರೆ ನೆಲ ಸ್ವಲ್ಪ ಮೆತ್ತಗಾಗುತ್ತದೆ, ಆಗ ಹಾರೆ ಇಳಿಯುತ್ತದೆ. ಮಿರಗದ (ಮೃಗಶಿರಾ) ಮಳೆಯೊಳಗೆ ಮುಗಿಸು.

ಆಡು ಸೀತಾಫಲದ ಎಲೆಗೆ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಗುಂಡಿಗೊಂದು ಸೀತಾಫಲ ಇಡು, ಬೀಜ ಊರಿದರೂ ನಡೆಯುತ್ತದೆ. ಒಡ್ಡಿನ ಮೇಲೆ ಹುಲ್ಲು ತಾನೇ ಬರುತ್ತದೆ, ಕೊಯ್ದುಕೊಂಡು ಹೋಗಲಿ, ಮೇಯಿಸುವುದು ಬೇಡ ಅಂತ ಆಡಿನವರಿಗೆ ಹೇಳಿ ನೋಡು. ನಮ್ಮೂರಲ್ಲಿ ಅರ್ಧ ಜನ ಕೇಳಿದರು. ಉಳಿದ ಅರ್ಧಕ್ಕೆ ಜಾಲಿ ಮುಳ್ಳು ಹಾಕಿದೆ.

ಅಪ್ಪನ ಜೊತೆ ವಾದ ಮಾಡಬೇಡ. ಮೊದಲ ದೊಡ್ಡ ಮಳೆಯಾದ ಮೂರನೇ ದಿನ ಅವರನ್ನೂ ಕರೆದುಕೊಂಡು ಹೋಗು. ಗುಂಡಿಯ ಒಳಗೊಮ್ಮೆ, ಹೊರಗೊಮ್ಮೆ ಅಗೆದು ನೋಡಿ. ಹಸಿ ಎಷ್ಟು ಬೆರಳು ಆಳ ಹೋಗಿದೆ ಅಂತ ಅವರೇ ಅಳೆಯಲಿ. ಎರಡೂ ಅಳತೆ ಇಲ್ಲಿ ಹಾಕು. ಮತ್ತೆ ಗೌಂಡಿಯವರ ಪೈಪು ಅವತ್ತೇ ವಾಪಸ್ ಕೊಡು, ನಾನು ಒಂದು ತಿಂಗಳು ಇಟ್ಟುಕೊಂಡು ಬೈಸಿಕೊಂಡಿದ್ದೇನೆ.