ಅಪ್‌ಡೇಟ್: ಜಿಸಿಸಿ 14ರಲ್ಲಿ ಕಂಪೈಲ್ ಆಗದ ಹಳೇ ಸಿ ಕೋಡ್ ಈಗ ಓಡ್ತಿದೆ

ಜಿಸಿಸಿ (ಸಿ ಕೋಡನ್ನು ಓಡುವ ಪ್ರೋಗ್ರಾಂ ಆಗಿಸುವ ಕಂಪೈಲರ್) 13ರಲ್ಲಿ ಬರೀ ವಾರ್ನಿಂಗ್ ಕೊಡುತ್ತಿದ್ದ ಹಳೇ ಸಿ ಪ್ರೋಗ್ರಾಂ, 14ಕ್ಕೆ ಹೋದ ಮೇಲೆ ರಾಶಿ ಎರರ್ ಕೊಡುತ್ತಿದೆ ಎಂದು ಕೇಳಿದ್ದೆನಲ್ಲ, ಅದು ಬಗೆಹರಿಯಿತು.

'-std=gnu89' (ಕೋಡನ್ನು 1989ರ ಹಳೇ ಸಿ ಎಂದು ಓದು ಎಂಬ ಆಯ್ಕೆ) ಹಾಕಿ ನೋಡಿ ಅಂದಿದ್ದರು. ಕೆಲಸ ಮಾಡಲಿಲ್ಲ. ಕೋಡ್‌ನಲ್ಲಿ ಅಲ್ಲಲ್ಲಿ 'for (int i...)' ಇದೆ, ಅದು ಆ ಮೋಡ್‌ಗೆ ಆಗಿಬರಲ್ಲ. '-fpermissive' ಹಾಕಿದಾಗ ಎರರ್‌ಗಳು ಮತ್ತೆ ವಾರ್ನಿಂಗ್ ಆದವು, ಬಿಲ್ಡ್ ಮುಗಿಯಿತು. ಆದರೆ ಒಂದು ಫೀಚರ್ ಮಾತ್ರ ಮಾಯ!

ಕೊನೆಗೆ ಕೈ ಹಿಡಿದಿದ್ದು 'config.log ತೆಗೆದು ನೋಡಿ' ಎಂಬ ಸಲಹೆ. ಬಿಲ್ಡ್‌ಗೆ ಮುಂಚೆ ಸಿಸ್ಟಮ್‌ನಲ್ಲಿ ಏನೇನಿದೆ ಎಂದು ಪರೀಕ್ಷಿಸುವ configure ಸ್ಕ್ರಿಪ್ಟಿನ ದಾಖಲೆ ಅದು. ನಮ್ಮ ಹಳೇ ಸ್ಕ್ರಿಪ್ಟ್ ತನ್ನ ಪರೀಕ್ಷೆಯ ಪುಟ್ಟ ಪ್ರೋಗ್ರಾಂನಲ್ಲಿ 'main()' ಎಂದಷ್ಟೇ ಬರೆಯುತ್ತಿತ್ತು, ಅದಕ್ಕೆ ಮೊದಲು ಬರಬೇಕಾದ 'int' (ಪೂರ್ಣಾಂಕ ಟೈಪ್) ಇಲ್ಲ. 14ರಲ್ಲಿ ಅದೂ ಎರರ್. ಪರೀಕ್ಷೆ ಫೇಲ್ ಆದರೆ ಸ್ಕ್ರಿಪ್ಟ್ ಬಾಯಿ ಬಿಡಲ್ಲ, 'ಈ ಫಂಕ್ಷನ್ ನಿಮ್ಮ ಸಿಸ್ಟಮ್‌ನಲ್ಲಿಲ್ಲ' ಅಂತ ತೀರ್ಮಾನಿಸಿ ಸುಮ್ನೆ ಮುಂದೆ ಹೋಗುತ್ತೆ. ಎರರ್ ಕಾಣಿಸಿದರೆ ಪರವಾಗಿಲ್ಲ, ಇದು ಅದಕ್ಕಿಂತ ಅಪಾಯ ಅಲ್ವಾ? ಸ್ಕ್ರಿಪ್ಟನ್ನು ಹೊಸ ಆಟೋಕಾನ್ಫ್‌ನಿಂದ (ಅಂಥ ಸ್ಕ್ರಿಪ್ಟ್ ಬರೆದುಕೊಡುವ ಟೂಲ್) ಮತ್ತೆ ತಯಾರಿಸಿದೆ, ಬಿಟ್ಟುಹೋದ ಹೆಡರ್‌ಗಳನ್ನು (ಫಂಕ್ಷನ್‌ಗಳನ್ನು ಡಿಕ್ಲೇರ್ ಮಾಡುವ ಫೈಲ್‌ಗಳು) ಸೇರಿಸಿದೆ. '-fpermissive' ತೆಗೆದೇಬಿಟ್ಟೆ.

ಆಶ್ಚರ್ಯ ಏನೆಂದರೆ, ಡಿಕ್ಲೇರ್ ಮಾಡದೆ ಫಂಕ್ಷನ್ ಕರೆಯುವುದನ್ನು ಸಿ99 ಸ್ಟ್ಯಾಂಡರ್ಡ್ 1999ರಲ್ಲೇ ಕೈಬಿಟ್ಟಿತ್ತು. ಜಿಸಿಸಿ 2024ರವರೆಗೆ ಸಹಿಸಿಕೊಂಡು ಬಂದಿದೆ. ನಮ್ಮದರಲ್ಲಿ ಪಾಯಿಂಟರ್ (ಮೆಮೊರಿ ವಿಳಾಸ) ಕೊಡುವ ಫಂಕ್ಷನ್ ಒಂದನ್ನು ಹಾಗೆ ಕರೆದಿದ್ದರು. ಕಂಪೈಲರ್ ಅದು ಕೊಡುವುದನ್ನು 32 ಬಿಟ್‌ನ 'int' ಎಂದುಕೊಂಡು 64 ಬಿಟ್ ವಿಳಾಸದ ಅರ್ಧ ಕತ್ತರಿಸುತ್ತಿತ್ತು. ಆಗಾಗ ಆಗುತ್ತಿದ್ದ ಕ್ರ್ಯಾಶ್‌ಗೆ ಕಾರಣ ಅದೇ.

ಜಿಸಿಸಿ 15ಕ್ಕೆ ಹೋಗುವವರು ಗಮನಿಸಿ: ಅಲ್ಲಿ ಡೀಫಾಲ್ಟ್ ಆಗಿರುವುದು ಹೊಸ ಸ್ಟ್ಯಾಂಡರ್ಡ್ ಸಿ23, ಅದರಲ್ಲಿ 'bool' ಭಾಷೆಯದೇ ಪದ. 'bool' ಎಂಬ ಹೆಸರಿನ ಟೈಪ್ ಅನ್ನು ನೀವೇ 'typedef' ಮಾಡಿಕೊಂಡಿದ್ದರೆ ಅದೂ ಎರರ್.