ಅಮ್ಮನ ಕೊನೆಗಾಲದ ಆರೈಕೆಗೆ ಕೇಂದ್ರ ನೋಡುತ್ತಿದ್ದೇವೆ. ಒಳ್ಳೆಯದು ಯಾವುದು ಅಂತ ಗೊತ್ತಾಗುವುದು ಹೇಗೆ? ಅನುಭವ ಇದ್ದವರು ಹೇಳಿ

ರಿಪ್ಪನ್‌ಪೇಟೆ ಮಗಳು:
ಅಮ್ಮನಿಗೆ 68 ವರ್ಷ. ಅಂಡಾಶಯದ ಕ್ಯಾನ್ಸರ್. ಎರಡು ವರ್ಷ ಬೆಂಗಳೂರಿಗೆ ಓಡಾಡಿದೆವು. ಹೋದ ತಿಂಗಳು ಡಾಕ್ಟರು ಇನ್ನು ಕಿಮೋ ಬೇಡ, ನೋವಾಗದಂತೆ ನೋಡಿಕೊಳ್ಳಿ ಅಂದರು. ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಹತ್ತು ದಿನಕ್ಕೊಮ್ಮೆ ತೆಗೆಸಬೇಕು. ಶಿವಮೊಗ್ಗದ ಹತ್ತಿರ ಒಂದು ಆರೈಕೆ ಕೇಂದ್ರ ನೋಡಿ ಬಂದೆವು. ಕಟ್ಟಡ ಹೊಸದು, ಮುಂದೆ ಹೂತೋಟ, ದಿನಕ್ಕೆ 1,800 ರೂಪಾಯಿ. ಇನ್ನೊಂದು ತಂಡ ವಾರಕ್ಕೆ ಎರಡು ಸಲ ಮನೆಗೇ ಬರುತ್ತದಂತೆ. ನಾನೊಬ್ಬಳೇ ಮಗಳು, ಯಾರನ್ನು ಕೇಳಬೇಕೋ ತಿಳಿಯುತ್ತಿಲ್ಲ. ನೀವು ಏನು ನೋಡಿ ಆರಿಸಿದಿರಿ?

ಹೊಸನಗರದವಳು:
ತಂಗೀ, ಹೂತೋಟ ನೋಡಬೇಡ. ನಾವು ಅದನ್ನೇ ನೋಡಿ ಕೆಟ್ಟೆವು. ಅಪ್ಪಯ್ಯನಿಗೆ ಬಾಯಿ ಕ್ಯಾನ್ಸರ್. ಐವತ್ತು ವರ್ಷ ಕವಳ ಹಾಕಿದ ಬಾಯಿ. ಊರಿನ ಹೆಸರು ಬೇಡ, ಒಂದು ಕಡೆ 23 ದಿನ ಇಟ್ಟಿದ್ದೆವು. ದಿನಕ್ಕೆ 1,500 ಅಂದಿದ್ದರು. ಅಷ್ಟರಲ್ಲೇ ಎಲ್ಲ ಬಂತು ಅಂದುಕೊಂಡಿದ್ದೆವು. ಕೊನೆಗೆ ಬಿಲ್ಲು ನೋಡಿದರೆ ರೂಮಿಗೆ 34,500, ಡೈಪರ್ 5,060, ಕಫ ಎಳೆಯುವ ಮಿಷನ್ನಿಗೆ ಸಲಕ್ಕೆ 200ರಂತೆ 31 ಸಲ 6,200, ಔಷಧಿ 9,840. ಒಟ್ಟು 55,600. ಆಂಬುಲೆನ್ಸ್ 4,500 ಬೇರೆ. ಡಿಪಾಸಿಟ್ 25,000 ಇಟ್ಟಿದ್ದೆವು, ನಾಲ್ಕು ತಿಂಗಳು ಅಲೆಸಿ, ಹಾಸಿಗೆ ಹಾಳಾಯಿತು ಅಂತ 3,000 ಮುರಿದುಕೊಂಡು ಕೊಟ್ಟರು. ಆಯುಷ್ಮಾನ್ ಕಾರ್ಡ್ ತೋರಿಸಿದರೆ ಇಲ್ಲಿ ನಡೆಯುವುದಿಲ್ಲ ಅಂದರು. ಆ ವರ್ಷದ ರಾಶಿ ಅಡಕೆ ಒಂದೂವರೆ ಕ್ವಿಂಟಾಲ್ ಅದಕ್ಕೇ ಹೋಯಿತು.

ದುಡ್ಡು ಹೋಗಲಿ. ಹನ್ನೊಂದನೇ ರಾತ್ರಿ ಎರಡು ಗಂಟೆಗೆ ಅಪ್ಪಯ್ಯನಿಗೆ ನೋವು ಬಂತು. ಮಾತು ನಿಂತುಹೋಗಿತ್ತು, ನೋಟ್‌ಬುಕ್ಕಿನಲ್ಲಿ ಬರೆದು ತೋರಿಸುತ್ತಿದ್ದರು. ಅವತ್ತು 'ನೋವು' ಅಂತ ಬರೆದರು. ಅದರ ಮೇಲೇ ಮತ್ತೆ ಬರೆದರು. ಮತ್ತೆ ಮತ್ತೆ ಬರೆದು ಪೆನ್ಸಿಲಿನ ಮೊನೆ ಹಾಳೆ ಹರಿದುಕೊಂಡು ಕೆಳಗಿನ ಹಾಳೆಗೆ ಇಳಿಯಿತು. ಡ್ಯೂಟಿಯಲ್ಲಿದ್ದ ಹುಡುಗ ಏನು ಹೇಳಿದ ಗೊತ್ತಾ? ನೋವಿನ ಔಷಧಿ ಮಾರ್ಫಿನ್ ಇಟ್ಟ ಬೀರುವಿನ ಕೀಲಿ ಇನ್‌ಚಾರ್ಜ್ ಹತ್ತಿರ ಇದೆ, ಅವರು ಎಂಟು ಗಂಟೆಗೆ ಬರುತ್ತಾರೆ ಅಂದ. ಆರು ಗಂಟೆ ಕಾಲ ಅಪ್ಪಯ್ಯನ ಕೈ ಹಿಡಿದು ಕೂತಿದ್ದೆ. ಆ ನೋಟ್‌ಬುಕ್ ಇನ್ನೂ ನನ್ನ ಹತ್ತಿರ ಇದೆ. ಕೀಲಿ ರಾತ್ರಿ ಯಾರ ಹತ್ತಿರ ಇರುತ್ತದೆ ಅಂತ ಕೇಳು. ಬೇರೆಲ್ಲ ಆಮೇಲೆ.

ತುಂಗಾತೀರ, ತೀರ್ಥಹಳ್ಳಿ:
ಮನೆ ಇರುವಾಗ ಕೇಂದ್ರ ಯಾಕೆ ಹುಡುಕುತ್ತೀರೋ ನನಗೆ ಅರ್ಥ ಆಗುವುದಿಲ್ಲ. ನಮ್ಮ ಆಯಿಯನ್ನು ನಾಲ್ಕು ತಿಂಗಳು ಹನ್ನೆರಡು ದಿನ ಮನೆಯಲ್ಲೇ ನೋಡಿಕೊಂಡೆವು. ಜಗಲಿಯ ಪಕ್ಕದ ಕೋಣೆ, ಕಿಟಕಿ ತೆಗೆದರೆ ತೋಟ. ಸುಲಭ ಇತ್ತು ಅಂತ ಹೇಳುವುದಿಲ್ಲ. ಏಜೆನ್ಸಿಯಿಂದ ಹೋಂ ನರ್ಸ್ ತರಿಸಿದೆವು, ತಿಂಗಳಿಗೆ 24,000, ಅರ್ಧ ಮುಂಗಡ. ಒಂಬತ್ತನೇ ದಿನ ಮನೆಯಲ್ಲಿ ಮದುವೆ ಅಂತ ಹೋದವಳು ಬರಲಿಲ್ಲ. ಏಜೆನ್ಸಿಯವರು ಫೋನ್ ಎತ್ತಲಿಲ್ಲ. 12,000 ಮುಳುಗಿತು.

ಗಾಳಿ ಹಾಸಿಗೆ 3,200 ಕೊಟ್ಟು ತಂದಿದ್ದೆವು. ಜುಲೈಯಲ್ಲಿ ಲೈನ್ ಮೇಲೆ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲ. ಇನ್ವರ್ಟರ್ ಮೊದಲ ರಾತ್ರಿಯೇ ಕೈಕೊಟ್ಟಿತು. ಪಂಪ್ ನಿಂತು ಹಾಸಿಗೆ ಚಪ್ಪಟೆ. ಸೊಂಟದ ಹಿಂದೆ ಎಂಟಾಣೆಯಷ್ಟಿದ್ದ ಕೆಂಪು ಕಲೆ ನಾಲ್ಕನೇ ದಿನಕ್ಕೆ ಬಾಯಿ ತೆರೆದ ಹುಣ್ಣಾಯಿತು. ಆಮೇಲೆ ನಾನು, ನನ್ನ ಹೆಂಡತಿ ಪಾಳಿ ಹಾಕಿಕೊಂಡೆವು. ಎರಡು ಗಂಟೆಗೊಮ್ಮೆ ಅಲಾರಂ, ಎಡಮಗ್ಗುಲು, ಬಲಮಗ್ಗುಲು, ಅಂಗಾತ. ಹುಣ್ಣು ಮುಚ್ಚಲು 41 ದಿನ ಹಿಡಿಯಿತು. ಆದರೆ ಮುಚ್ಚಿತು. ಯಾರ ಕೈಗೂ ಆಯಿಯನ್ನು ಬಿಟ್ಟುಕೊಡಲಿಲ್ಲ. ಅದೊಂದು ಸಮಾಧಾನ ನನಗಿದೆ. ಕೇಂದ್ರಕ್ಕೆ ಬಿಟ್ಟು ಬಂದವರಿಗೆ ಅದು ಎಲ್ಲಿಂದ ಬರಬೇಕು?

ಹೊಸನಗರದವಳು:
ಬಿಟ್ಟು ಬಂದವರು ಅಂದರೆ ಯಾರು? ನಾನು 23 ರಾತ್ರಿಯೂ ಅಪ್ಪಯ್ಯನ ಮಂಚದ ಕೆಳಗೆ ಚಾಪೆ ಹಾಕಿ ಮಲಗಿದ್ದೆ. ನಿಮಗೆ ಹೆಂಡತಿ ಇದ್ದರು, ಪಾಳಿ ಹಾಕಿಕೊಂಡಿರಿ. ನನ್ನ ಗಂಡ ದುಬೈಯಲ್ಲಿ. ಎರಡು ಚಿಕ್ಕ ಮಕ್ಕಳು. ಇದೇ ಮಾತನ್ನು ನಮ್ಮ ನೆಂಟರೂ ತಿಥಿ ಊಟಕ್ಕೆ ಕೂತು ಆಡಿದ್ದರು. ಇಲ್ಲಿ ಮತ್ತೆ ಕೇಳಬೇಕಾ?

ನಿವೃತ್ತ ನರ್ಸ್, ಭದ್ರಾವತಿ:
ಇಬ್ಬರೂ ಸ್ವಲ್ಪ ತಾಳಿ. 34 ವರ್ಷ ಸರ್ಕಾರಿ ಕೆಲಸ ಮಾಡಿದವಳು ನಾನು. ಹೀಗಿದ್ದೂ ನಮ್ಮ ಮನೆಯವರಿಗೆ ಶ್ವಾಸಕೋಶದ ಕ್ಯಾನ್ಸರ್ ಆದಾಗ ಮಾರ್ಫಿನ್ ಶುರು ಮಾಡಲು ಮೂರು ವಾರ ತಡ ಮಾಡಿದೆ. ಇಷ್ಟು ಬೇಗ ಯಾಕೆ, ಅಭ್ಯಾಸ ಆಗಿಬಿಟ್ಟರೆ ಅಂತ ನಾನೇ ಹೆದರಿದೆ. ಆ ಮೂರು ವಾರ ಅವರು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದರು. ಮಲಗಿದರೆ ಪಕ್ಕೆ ಸೀಳಿದ ಹಾಗೆ ಆಗುತ್ತಿತ್ತು. ಶುರು ಮಾಡಿದ ಮಾರನೇ ದಿನ ಕಾಲು ಚಾಚಿ ಮಲಗಿದರು. ಅದನ್ನು ನೋಡಿ ನಾನು ಅಡುಗೆಮನೆಗೆ ಹೋಗಿ ಅತ್ತೆ. ಹಾಗಾಗಿ ಈ ವಿಷಯ ನಾನು ಜಾಸ್ತಿ ಮಾತಾಡುತ್ತೇನೆ, ಸಹಿಸಿಕೊಳ್ಳಿ.

ಸಾಮಾನ್ಯ ಮಾರ್ಫಿನ್ ಮಾತ್ರೆ ನಾಲ್ಕು ಗಂಟೆಗೊಮ್ಮೆ ಕೊಡಬೇಕು. ನೋವು ಬಂದ ಮೇಲೆ ಅಲ್ಲ, ಬರುವ ಮೊದಲೇ. ನಡುವೆ ನೋವು ಒಡೆದು ಬಂದರೆ ಹೆಚ್ಚುವರಿ ಡೋಸ್ ಎಷ್ಟು ಅಂತ ಚೀಟಿಯಲ್ಲಿ ಮೊದಲೇ ಬರೆದಿರಬೇಕು. ಜೊತೆಗೆ ಮಲ ಸಡಿಲ ಮಾಡುವ ಮಾತ್ರೆ ಮೊದಲ ದಿನದಿಂದಲೇ ಬೇಕು. ಅದನ್ನು ಬರೆಯದೆ ಮಾರ್ಫಿನ್ ಬರೆದುಕೊಡುವವರಿಗೆ ಈ ಕೆಲಸ ಗೊತ್ತಿಲ್ಲ ಅಂತಲೇ ಲೆಕ್ಕ. ಕೆಲವರು ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿ ಕೊಡುತ್ತಾರೆ. ಮೂರು ದಿನಕ್ಕೊಮ್ಮೆ ಬದಲಿಸುವುದು. ಮಾತ್ರೆ ನುಂಗಲಾರದವರಿಗೆ ಒಳ್ಳೆಯದೇ, ಆದರೆ ಮಾತ್ರೆಗಿಂತ ಎಷ್ಟೋ ಪಟ್ಟು ದುಬಾರಿ, ಹಚ್ಚಿದ ಕೂಡಲೇ ಕೆಲಸವನ್ನೂ ಮಾಡುವುದಿಲ್ಲ. ಮಾರ್ಫಿನ್ ಇಡಲು ಲೈಸೆನ್ಸ್ ಸಿಗುವುದಿಲ್ಲ ಅಂತ ಹೇಳಿದರೆ ನಂಬಬೇಡಿ. 2014ರಲ್ಲೇ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತುಗಳ ಕಾಯ್ದೆ, ತಿದ್ದಿದ್ದಾರೆ. ಮಾನ್ಯತೆ ಪಡೆದ ಸಂಸ್ಥೆ ಇಟ್ಟುಕೊಳ್ಳಬಹುದು. ಇಲ್ಲ ಅಂದರೆ ಅವರು ಮಾನ್ಯತೆ ಪಡೆದಿಲ್ಲ, ಅಷ್ಟೇ.

ನಾನಾದರೆ ಹೀಗೆ ನೋಡುತ್ತೇನೆ. ಹೇಳದೆ ಕೇಳದೆ ಸಂಜೆ ಏಳರ ಮೇಲೆ ಹೋಗುತ್ತೇನೆ. ಅಲ್ಲಿರುವ ರೋಗಿಗಳ ತುಟಿ ನೋಡುತ್ತೇನೆ. ಬಿರಿದು ಕಪ್ಪಾಗಿದ್ದರೆ ಯಾರೂ ಬಾಯಿ ಒರೆಸುತ್ತಿಲ್ಲ. ವಾಸನೆ ನೋಡುತ್ತೇನೆ. ಕ್ಯಾನ್ಸರ್ ಹುಣ್ಣು ಇರುವ ಕಡೆ ವಾಸನೆ ಬರುವುದು ಸಹಜ, ಆದರೆ ಮೆಟ್ರೊನಿಡಜೋಲ್ ಮಾತ್ರೆ ಪುಡಿ ಮಾಡಿ ಹುಣ್ಣಿಗೆ ಉದುರಿಸಿದರೆ ಬಹಳಷ್ಟು ಇಳಿಯುತ್ತದೆ. ಖರ್ಚು ಕೆಲವೇ ರೂಪಾಯಿ. ಬರೀ ಫಿನೈಲ್ ವಾಸನೆ ಹೊಡೆಯುವ ಕಡೆ ನೆಲ ಒರೆಸುತ್ತಾರೆ, ಹುಣ್ಣು ನೋಡುವುದಿಲ್ಲ. ರೋಗಿಯ ಚಾರ್ಟಿನಲ್ಲಿ ನೋವು ಹತ್ತಕ್ಕೆ ಎಷ್ಟು ಅಂತ ಬರೆದಿದ್ದಾರಾ ನೋಡಿ. ರಾತ್ರಿಯ ಕಾಲಂ ಖಾಲಿ ಇದ್ದರೆ ರಾತ್ರಿ ಯಾರೂ ಕೇಳಿಲ್ಲ ಅಂತ ಅರ್ಥ. ಮತ್ತೆ ತಂಗೀ, ಅಮ್ಮನ ಹೊಟ್ಟೆಯ ನೀರು ಅವರೇ ತೆಗೆಯುತ್ತಾರಾ, ಪ್ರತಿ ಸಲ ಆಸ್ಪತ್ರೆಗೆ ಹೊರಡಿಸುತ್ತಾರಾ ಅಂತ ಕೇಳಲು ಮರೆಯಬೇಡ.

ಸೊರಬದವನು:
ಮಾರ್ಫಿನ್ ಹೊಗಳುವವರು ನಮ್ಮ ಕಥೆಯನ್ನೂ ಕೇಳಿ. ನಮ್ಮಣ್ಣನಿಗೆ ಲಿವರ್ ಕ್ಯಾನ್ಸರ್. ಸೋಮವಾರ ಮಾರ್ಫಿನ್ ಶುರು ಮಾಡಿದರು. ಬುಧವಾರ ಬೆಳಿಗ್ಗೆ ಹೋದ. ಭಾನುವಾರ ನನ್ನ ಕೈಯಲ್ಲಿ ಎರಡು ಚಮಚ ಗಂಜಿ ಕುಡಿದಿದ್ದ. ಡ್ರಿಪ್ ಹಾಕಿ ಅಂತ ಕೈ ಮುಗಿದೆ. ಬೇಡ, ಹತ್ತಿಯಲ್ಲಿ ನೀರು ಅದ್ದಿ ತುಟಿಗೆ ಮುಟ್ಟಿಸಿ ಅಂದರು. ಬಾಯಾರಿದವನಿಗೆ ಹತ್ತಿ! ಇದನ್ನು ಆರೈಕೆ ಅನ್ನುತ್ತಾರಾ? ನಾನು ಒಪ್ಪುವುದಿಲ್ಲ. ಯಾವ ಕೇಂದ್ರ ಡ್ರಿಪ್ ಹಾಕುವುದಿಲ್ಲವೋ ಅಲ್ಲಿಗೆ ಹೋಗಬೇಡಿ.

ನಿವೃತ್ತ ನರ್ಸ್, ಭದ್ರಾವತಿ:
ತಮ್ಮಾ, ನಿಮ್ಮ ದುಃಖ ದೊಡ್ಡದು. ಆದರೆ ಈ ಮಾತು ಓದಿ ಇನ್ನೊಬ್ಬರು ಮಾರ್ಫಿನ್ ನಿಲ್ಲಿಸಬಾರದು, ಅದಕ್ಕೆ ಹೇಳುತ್ತೇನೆ. ಕೊನೆಯ ದಿನಗಳಲ್ಲಿ ದೇಹ ನೀರನ್ನು ತೆಗೆದುಕೊಳ್ಳುವುದಿಲ್ಲ. ಬಾಟಲಿ ಏರಿಸಿದರೆ ಕಾಲು ಊದುತ್ತದೆ, ಎದೆಯಲ್ಲಿ ನೀರು ಸೇರಿ ಗೊರಗೊರ ಜಾಸ್ತಿ ಆಗುತ್ತದೆ. ಬಾಯಿ ಒದ್ದೆ ಇಟ್ಟರೆ ಒಣಗಿದ ಸಂಕಟ ಇಳಿಯುತ್ತದೆ. ಅಳತೆ ನೋಡಿ ಕೊಟ್ಟ ಮಾರ್ಫಿನ್ ಸಾವನ್ನು ಹತ್ತಿರ ತರುವುದಿಲ್ಲ. ಸಾವು ಹತ್ತಿರ ಬಂದ ಮೇಲೆ ನಮ್ಮ ಜನ ಮಾರ್ಫಿನ್‌ಗೆ ಒಪ್ಪುತ್ತಾರೆ, ಅದಕ್ಕೇ ಎರಡೂ ಒಟ್ಟಿಗೆ ಬಂದ ಹಾಗೆ ಕಾಣುತ್ತದೆ. ಆದರೆ ಇದನ್ನು ಆ ಸೋಮವಾರವೇ ನಿಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಬೇಕಿತ್ತು. ಹೇಳಲಿಲ್ಲ ಅಲ್ವಾ? ಆ ತಪ್ಪು ಅವರದ್ದೇ.

ಸೊರಬದವನು:
ಹೇಳಲಿಲ್ಲ. ಕಾರಿಡಾರಿನಲ್ಲಿ ನಡೆಯುತ್ತಾ ಅಂದರು, ಅಷ್ಟೇ. ನನ್ನ ಮಾತು ನಾನು ಬದಲಿಸುವುದಿಲ್ಲ.

ಕೊಪ್ಪದಿಂದ:
ನಮ್ಮ ಮಾವನನ್ನು ಬೆಂಗಳೂರಿನ ಕರುಣಾಶ್ರಯಕ್ಕೆ ಸೇರಿಸಿದ್ದೆವು. ಅಲ್ಲಿ ಬಿಲ್ಲೇ ಇಲ್ಲ, ಎಲ್ಲ ಉಚಿತ. ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳಿಗಾಗಿಯೇ ಇರುವುದು. ಆರೈಕೆ ಬಗ್ಗೆ ಒಂದು ಮಾತು ತೆಗೆಯುವ ಹಾಗಿಲ್ಲ. ನನಗೆ ಇವತ್ತಿಗೂ ನೋಯುವುದು ದೂರ. ಮಾವ ಹುಟ್ಟಿದಾಗಿನಿಂದ ಮಳೆ ಸದ್ದು ಕೇಳಿ ಮಲಗಿದವರು. ಅಲ್ಲಿ ಆಗಸ್ಟಿನಲ್ಲಿ, ಮಳೆ ನಿಂತುಹೋಯಿತಾ ಅಂತ ದಿನಾ ಕೇಳುತ್ತಿದ್ದರು. ತೀರಿಕೊಂಡ ಮೇಲೆ ಊರಿಗೆ ತರಲು ಆಂಬುಲೆನ್ಸ್ 19,500. ಬೆಳಿಗ್ಗೆ ಆರಕ್ಕೆ ಹೊರಟು ಊರು ಮುಟ್ಟಿದಾಗ ಮೂರು ಗಂಟೆ. ಮಣಿಪಾಲದ ಕಡೆಯೂ ಈಗ ಹಾಸ್ಪೈಸ್, ಅಂದರೆ ಇಂಥದ್ದೇ ಕೊನೆಗಾಲದ ಆರೈಕೆ ಕೇಂದ್ರ, ಇದೆ. ಆಗ ಗೊತ್ತಿದ್ದರೆ ಆಗುಂಬೆ ಇಳಿದು ಅಲ್ಲಿಗೇ ಹೋಗುತ್ತಿದ್ದೆವು.

ಇನ್ನೊಂದು. ವೆಂಟಿಲೇಟರ್ ಬೇಡ ಅಂತ ಅಮ್ಮನ ಮನಸ್ಸಿನಲ್ಲಿದ್ದರೆ ಈಗಲೇ ಬರೆಸಿಡಿ. 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದೆ, 2023ರಲ್ಲಿ ಸುಲಭ ಮಾಡಿದೆ. ಇಬ್ಬರು ಸಾಕ್ಷಿ, ನೋಟರಿ ಸಾಕು. ನಮ್ಮಲ್ಲಿ ಅದು ಇಲ್ಲದೆ ಭಾವಂದಿರ ನಡುವೆ ಆಸ್ಪತ್ರೆ ಬಾಗಿಲಲ್ಲೇ ಜಗಳ ಆಯಿತು. ಇನ್ನೂ ಮಾತಿಲ್ಲ.

ಮಾಸ್ತಿಕಟ್ಟೆ:
ಆಗುಂಬೆ ಘಾಟಿಯಲ್ಲಿ ರೋಗಿಯನ್ನು ಇಳಿಸುತ್ತೀರಾ? ಹದಿನಾಲ್ಕು ತಿರುವು. ನಮ್ಮ ದೊಡ್ಡಮ್ಮ ಐದನೇ ತಿರುವಿಗೇ ವಾಂತಿ ಮಾಡಿಕೊಂಡರು. ಹುಲಿಕಲ್ ಘಾಟಿಯಲ್ಲಿ ಹೋಗಬೇಕು.

ಕೊಪ್ಪದಿಂದ:
ನಾವು ಕೊಪ್ಪದವರು ಮಾರಾಯ್ರೆ, ಹುಲಿಕಲ್‌ಗೆ ಸುತ್ತಿ ಬಂದು ಇಳಿಯಬೇಕಾ? ಮಳೆಗಾಲದಲ್ಲಿ ಹುಲಿಕಲ್‌ನಲ್ಲಿ ಮಂಜು ಮುಸುಕಿದರೆ ಮುಂದಿನ ಗಾಡಿ ಕಾಣುವುದಿಲ್ಲ.

ಮಾಸ್ತಿಕಟ್ಟೆ:
ದಿನಾ ಓಡಾಡುವವನು ನಾನು. ನನಗೆ ಹೇಳಿಕೊಡಬೇಡಿ.

ತುಂಗಾತೀರ, ತೀರ್ಥಹಳ್ಳಿ:
ಹೊಸನಗರದ ಅಕ್ಕಾ, ನಿನ್ನೆಯ ಮಾತು ಹಾಗೆ ಬರೆಯಬಾರದಿತ್ತು. ಮಂಚದ ಕೆಳಗೆ ಮಲಗಿದ್ದು ನನಗೆ ಗೊತ್ತಿರಲಿಲ್ಲ. ಆದರೂ ಮನೆಯೇ ಮೇಲು ಅನ್ನುವುದನ್ನು ಬಿಡುವುದಿಲ್ಲ. ಮನೆಯಲ್ಲಿ ಇಟ್ಟುಕೊಳ್ಳುವವರು ಒಂದು ನೋಡಿಕೊಳ್ಳಿ. ಮನೆಯಲ್ಲಿ ಜೀವ ಹೋದರೆ ಸಾವಿನ ಕಾರಣ ಬರೆದುಕೊಡುವ ಡಾಕ್ಟರು ಯಾರು ಅಂತ ಆ ತಂಡದವರನ್ನು ಮೊದಲೇ ಕೇಳಿ. 21 ದಿನದೊಳಗೆ ನೋಂದಣಿ ಆಗಬೇಕು. ನಾವು ಕೇಳಿರಲಿಲ್ಲ. ಹತ್ತನೇ ದಿನದ ಕಾರ್ಯ ಬಿಟ್ಟು ಕ್ಲಿನಿಕ್ಕಿನ ಎದುರು ನಿಂತಿದ್ದೆ.

ಹೊಸನಗರದವಳು:
ಸರಿ. ನಾನೂ ಜೋರು ಮಾಡಿದೆ.

ರಿಪ್ಪನ್‌ಪೇಟೆ ಮಗಳು:
ಎಲ್ಲರ ಮಾತೂ ಎರಡೆರಡು ಸಲ ಓದಿದೆ. ನಿನ್ನೆ ರಾತ್ರಿ ಹನ್ನೊಂದೂವರೆಗೆ ಎರಡೂ ಕಡೆ ಫೋನ್ ಮಾಡಿದೆ. ಕೇಂದ್ರದಲ್ಲಿ ಎತ್ತಿದ್ದು ವಾಚ್‌ಮನ್. ನರ್ಸ್ ಕೊಡಿ ಅಂದೆ, ಬೆಳಿಗ್ಗೆ ಮಾಡಿ ಅಂದರು. ಕೀಲಿಯ ವಿಷಯ ಕೇಳುವ ಹಂತಕ್ಕೇ ಹೋಗಲಿಲ್ಲ. ಮನೆಗೆ ಬರುವ ತಂಡದಲ್ಲಿ ಡಾಕ್ಟರೇ ಎತ್ತಿದರು. ರಾತ್ರಿ ರಿಪ್ಪನ್‌ಪೇಟೆಗೆ ಬರಲು ಆಗುವುದಿಲ್ಲ ಅಂತ ಸೀದಾ ಹೇಳಿದರು. ಆದರೆ ಹೆಚ್ಚುವರಿ ಡೋಸ್ ಬರೆದುಕೊಟ್ಟು, ಕೊಡುವುದನ್ನು ನನಗೆ ಕಲಿಸಿ ಹೋಗುತ್ತಾರಂತೆ. ಯಾವ ಹೊತ್ತಿಗಾದರೂ ಫೋನ್ ಮಾಡಿ ಅಂದರು. ಹೊಟ್ಟೆಯ ನೀರನ್ನು ಮನೆಯಲ್ಲೇ ತೆಗೆಯುತ್ತಾರಂತೆ. ಅಮ್ಮನನ್ನು ಕೇಳಿದೆ. ಊರಿನ ಮನೆಗೇ ಹೋಗೋಣ ಅಂದಳು. ಶನಿವಾರ ಹೊರಡುತ್ತೇವೆ. ಗಾಳಿ ಹಾಸಿಗೆ ಇನ್ವರ್ಟರಿನಲ್ಲಿ ಎಷ್ಟು ಹೊತ್ತು ಓಡುತ್ತದೆ?

ತುಂಗಾತೀರ, ತೀರ್ಥಹಳ್ಳಿ:
ಪಂಪು ಜಾಸ್ತಿ ಕರೆಂಟ್ ಎಳೆಯುವುದಿಲ್ಲ. ನಮ್ಮ ಬ್ಯಾಟರಿ ಹಳೆಯದಿತ್ತು, ಅದಕ್ಕೇ ಕೈಕೊಟ್ಟಿತು. ನಿಮ್ಮದರಲ್ಲಿ ನೀರು ಎಷ್ಟಿದೆ ಇವತ್ತೇ ನೋಡಿ. ಹಾಸಿಗೆ ಹೊಸದು ಕೊಳ್ಳಬೇಡಿ. ನಮ್ಮದು ಅಟ್ಟದ ಮೇಲಿದೆ, ಡೆಟಾಲಿನಲ್ಲಿ ಒರೆಸಿ ಬಿಸಿಲಿಗೆ ಹಾಕಿದ್ದೇನೆ. ಶುಕ್ರವಾರ ಅಡಕೆ ಮಂಡಿಗೆ ಶಿವಮೊಗ್ಗಕ್ಕೆ ಬರುತ್ತೇನೆ, ತಂದುಕೊಡುತ್ತೇನೆ. ಪಂಪಿನ ಪಿನ್ ಸ್ವಲ್ಪ ಸಡಿಲ ಇತ್ತು, ಟೇಪ್ ಸುತ್ತಿದ್ದೇನೆ.